ಟೀಸರ್ ಮೊದಲು ಬಂತು, ಕಂಪ್ಲೇಂಟ್ ಆಮೇಲೆ: ರೇಷ್ಮೆ ಶೆಡ್ಡಿನ ಒಂದು ಡಾಕ್ಯುಮೆಂಟರಿ ಕೇಸು

ರೇಷ್ಮೆ ನೂಲು ತೆಗೆಯೋ ಶೆಡ್ಡಲ್ಲಿ ಅಪ್ಪನ ಸಾಲಕ್ಕೆ ದುಡೀತಿದ್ದ ಒಬ್ಬ ಹುಡುಗಿ ಬಗ್ಗೆ ಡಾಕ್ಯುಮೆಂಟರಿ ಮಾಡಿದವ್ರು, ದೂರು ಕೊಡೋ ಮೊದಲೇ ಟೀಸರ್ ಹಾಕಿದ್ರು, ಅದರಿಂದ ಏನಾಯ್ತು ಅನ್ನೋ ಕಥೆ ಇದು. ಈ ಬರಹದಲ್ಲಿ ಹುಡುಗಿ ಹೆಸರಿಲ್ಲ, ಊರಿಲ್ಲ, ಶೆಡ್ಡು ಯಾರದು ಅಂತಿಲ್ಲ, ಸಿನಿಮಾ ಹೆಸರೂ ಹೇಳಲ್ಲ. ಚಿಕ್ಕಬಳ್ಳಾಪುರ ಕೋಲಾರದ ಕಡೆ ರೇಷ್ಮೆ ಇರೋ ಯಾವುದೋ ಒಂದು ತಾಲ್ಲೂಕು ಅನ್ಕೊಳ್ಳಿ, ಶಿಡ್ಲಘಟ್ಟವೋ ಚಿಂತಾಮಣಿಯೋ ಇನ್ನೊಂದೋ. ಅವಳನ್ನ ಪತ್ತೆ ಹಚ್ಚೋಕೆ ದಾರಿ ಆಗೋ ಒಂದೆರಡು ವಿವರ ಬೇಕಂತಲೇ ಬದಲಾಯಿಸಿದೀನಿ, ಯಾಕಂದ್ರೆ ಇಡೀ ಕೇಸು ಹಾಳಾಗಿದ್ದೇ ಗುರುತು ಸಿಕ್ಕಿದ್ರಿಂದ. ನಾವು ಮೂರ್ನಾಲ್ಕು ಜನ ಈ ಭಾಗದಲ್ಲಿ ದುಡಿಯೋ ಮಕ್ಕಳ ವಿಷಯಕ್ಕೆ ಓಡಾಡೋರು, ಗಲಾಟೆ ಎಲ್ಲ ಆದ ಮೇಲೆ ವಕೀಲರೊಬ್ಬರು ಕರೆದ್ರು ಅಂತ ಒಳಗೆ ಬಂದ್ವಿ. ತುಮಕೂರು ಕೋಲಾರದ ಕಾಲೇಜುಗಳಲ್ಲಿ ಈಗ ಡಾಕ್ಯುಮೆಂಟರಿ ಮಾಡ್ತೀನಿ ಅನ್ನೋ ಹುಡುಗ್ರು ಹುಡುಗೀರು ಸಿಕ್ಕಾಪಟ್ಟೆ ಇದಾರೆ, ಮೊಬೈಲಲ್ಲೇ ಶೂಟ್ ಮಾಡಿ ಮೊಬೈಲಲ್ಲೇ ಎಡಿಟ್ ಮಾಡಿ ರಾತ್ರಿಗೆ ಹಾಕ್ಬಿಡ್ತಾರೆ, ಅವ್ರಿಗೆ ಉಪಯೋಗ ಆಗ್ಬೋದು ಅಂತ ಪೂರ್ತಿ ಬರೀತಿದೀನಿ.

ಶೆಡ್ಡು ಮತ್ತೆ ಅದರ ಲೆಕ್ಕ

ಶೂಟಿಂಗ್ ಆದಾಗ ಹುಡುಗಿಗೆ 13 ವರ್ಷ. ಅಪ್ಪಂಗೆ ಒಂದೂವರೆ ಎಕರೆ, ಅದರಲ್ಲಿ ಹಿಪ್ಪುನೇರಳೆ ಸೊಪ್ಪು, ಮನೇಲೇ ಹುಳ ಸಾಕ್ತಿದ್ರು, ಚೆನ್ನಾಗೇ ಇದ್ರು. ಬೋರ್ ಬತ್ತೋಯ್ತು. ಹೊಸ ಬೋರ್ ಕೊರೆಸಿದ್ರು, 1,300 ಅಡಿ ಹೋದ್ರೂ ಬರೀ ಧೂಳು, ಫೈನಾನ್ಸ್ ಸಾಲ ಮಾತ್ರ ಉಳೀತು. ಈ ಕಡೆ ಹತ್ತು ಮನೆ ತಟ್ಟಿದ್ರೆ ನಾಲ್ಕು ಮನೇಲಿ ಇದೇ ಕಥೆ. ಸೊಪ್ಪು ಒಣಗಿದ ಮೇಲೆ ಅವ್ರು ಗೂಡು ಬೆಳೆಯೋರಿಂದ ಕೂಲಿಗೆ ಹೋಗೋರಾದ್ರು, ಅಷ್ಟರಲ್ಲಿ ಅಮ್ಮಂಗೆ ಆಪರೇಷನ್ ಬಂತು, ಊರ ಪಕ್ಕದ ರೀಲರ್ ಹತ್ರ, ಅಂದ್ರೆ ಗೂಡಿಂದ ನೂಲು ತೆಗೆಸೋ ಶೆಡ್ಡಿನ ಮಾಲೀಕನ ಹತ್ರ, 40,000 ಮುಂಗಡ ತಗೊಂಡ್ರು. ಶರತ್ತು ಅಂತ ಪೇಪರಲ್ಲಿ ಏನೂ ಇರಲಿಲ್ಲ, ಮಗಳನ್ನ ಕಳ್ಸು ಕೂಲೀಲಿ ಹಿಡ್ಕೋತೀನಿ ಅಂದ ಅಷ್ಟೇ. ಏಳನೇ ಕ್ಲಾಸು ಅರ್ಧಕ್ಕೆ ನಿಂತೋಯ್ತು.

ನೂಲು ಬಿಚ್ಚೋ ಕೆಲಸ ಹೊರಗಿನವ್ರು ನೋಡಿದ್ರೆ ಚೆಂದ ಕಾಣುತ್ತೆ. ಗೂಡನ್ನ ಕುದಿಯೋ ನೀರಲ್ಲಿ ಬೇಯಿಸಿದ್ರೆ ಅಂಟು ಬಿಡುತ್ತೆ, ಆಮೇಲೆ ಬಿಸಿನೀರಿನ ಬೇಸಿನ್‌ಗೆ ಹಾಕಿ ಒಂದೊಂದು ಗೂಡಿನ ಎಳೆ ತುದಿ ಹುಡುಕಿ ನಾಲ್ಕೈದರಿಂದ ಎಂಟು ಗೂಡಿನ ಎಳೆ ಸೇರಿಸಿ ರೀಲಿಗೆ ಕೊಡ್ಬೇಕು, ಒಂದು ಎಳೆ ಮುಗಿದ್ರೋ ಕಿತ್ತೋದ್ರೋ ತಕ್ಷಣ ಇನ್ನೊಂದು ಸೇರಿಸ್ಬೇಕು, ಇಲ್ಲಾಂದ್ರೆ ನೂಲು ದಪ್ಪ ಸಣ್ಣ ಆಗಿ ರೇಟ್ ಬೀಳುತ್ತೆ. ಒಂದೇ ಗೂಡಿನಿಂದ ಸಾವಿರ ಮೀಟರ್ ಹತ್ತಿರ ಎಳೆ ಬರುತ್ತೆ ಅಂದ್ರೆ ಅದೆಷ್ಟು ತೆಳು ಇರ್ಬೇಕು ನೀವೇ ಯೋಚ್ನೆ ಮಾಡಿ, ಕಣ್ಣಿಗೆ ಸರಿಯಾಗಿ ಕಾಣಲ್ಲ, ಬೆರಳಿಗೆ ಗೊತ್ತಾಗ್ಬೇಕು. ಅದಕ್ಕೇ ಗ್ಲೌಸ್ ಹಾಕಲ್ಲ, ಹಾಕಿದ್ರೆ ಎಳೆ ಸಿಗಲ್ಲ. ಬೆಳಿಗ್ಗೆಯಿಂದ ಸಂಜೆ ತನಕ ಬೆರಳು ಬಿಸಿನೀರಲ್ಲಿ, ಸತ್ತ ಹುಳದ ನಾತ, ಹೊಗೆ. ತುದಿ ಬೆರಳೆಲ್ಲ ಬೆಳ್ಳಗೆ ನೆನೆದು ಸುಕ್ಕಾಗಿ, ಸಂದಿಯಲ್ಲಿ ಚರ್ಮ ಬಿಟ್ಕೊಂಡು, ಉಗುರು ಪಕ್ಕ ಕೀವು. ಈ ಹುಡುಗಿ ಮನೇಲಿ ಸಾರು ಮುಟ್ಟಿದ್ರೆ ಉರಿ ಅಂತ ಚಮಚದಲ್ಲೇ ಮುದ್ದೆ ಮುರ್ಕೊಂಡು ತಿಂತಿದ್ಲು. ಮುದ್ದೇನ ಚಮಚದಲ್ಲಿ ತಿನ್ನೋರನ್ನ ನಮ್ ಕಡೆ ನೀವು ಎಲ್ಲೂ ನೋಡಿರಲ್ಲ.

ಈಗ ಲೆಕ್ಕ. ದಿನಕ್ಕೆ ಕೂಲಿ 220, ಅದರಲ್ಲಿ 70 ಮುಂಗಡಕ್ಕೆ ಹಿಡ್ಕೊಂಡು ಕೈಗೆ 150. ತಿಂಗಳಿಗೆ 22 ದಿನ ಕೆಲಸ ಸಿಕ್ಕಿದ್ರೆ ಹಿಡ್ಕೊಂಡಿದ್ದು 1,540. ಸಾಲ ತೀರ್ತಾ ಇದೆ ಅನ್ಸುತ್ತಲ್ವಾ. ಆದ್ರೆ ಮುಂಗಡಕ್ಕೆ ಮೂರು ರೂಪಾಯಿ ಬಡ್ಡಿ, ಅಂದ್ರೆ ನೂರಕ್ಕೆ ತಿಂಗಳಿಗೆ ಮೂರು, 40,000ಕ್ಕೆ 1,200. ಅಸಲಿಗೆ ಹೋಗೋದು 340. ವರ್ಷಕ್ಕೆ 4,080. ಬಡ್ಡಿ ಯಾವಾಗ್ಲೂ ಪೂರ್ತಿ 40,000ಕ್ಕೇ ಹಾಕ್ತಿದ್ದ, ಕಮ್ಮಿ ಆಗಿದ್ದಕ್ಕಲ್ಲ. ಯುಗಾದಿಗೆ ಅಂತ ಅಪ್ಪ ಮತ್ತೆ 5,000 ತಗೊಂಡ್ರು. ಅಲ್ಲಿಗೆ ಒಂದು ವರ್ಷ ಬೆರಳು ಬೇಯಿಸಿಕೊಂಡ ಮೇಲೆ ಸಾಲ ಮೊದಲಿಗಿಂತ ಜಾಸ್ತಿ. ಇದರ ಮೇಲೆ ನೂಲು ಹಾಳು ಮಾಡಿದ್ಲು ಅಂತ ಆಗಾಗ ಬರೆದಿದ್ದ ನಷ್ಟ ಬೇರೆ. ಯಾರೂ ಅವಳನ್ನ ಕಟ್ಟಿ ಹಾಕಿರಲಿಲ್ಲ, ಸಂಜೆ ಮನೆಗೆ ಬರ್ತಿದ್ಲು, ಹಬ್ಬಕ್ಕೆ ರಜೆ ಕೊಡ್ತಿದ್ದ, ಮಾಲೀಕನ ಹೆಂಡ್ತಿ ಒಂದು ಸಲ ಚೂಡಿದಾರ ಕೊಟ್ಟಿದ್ರು. ಜೀತ ಅಂದ್ರೆ ಸರಪಳಿ ಅನ್ಕೊಂಡಿರೋರಿಗೆ ಇದು ಜೀತ ಅಂತ ಅನ್ಸೋದೇ ಇಲ್ಲ, ಅಧಿಕಾರಿಗಳಿಗೂ ಅನ್ಸಲ್ಲ, ಅದೇ ತೊಂದ್ರೆ.

ಕ್ಯಾಮೆರಾ ಬಂದಿದ್ದು

ಬೆಂಗಳೂರಿನ ನಾಲ್ಕು ಜನ ಯುವಕರ ಟೀಮು. ಕೆಟ್ಟವ್ರಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ, ದುಡ್ಡಿಗೆ ಬಂದಿರಲಿಲ್ಲ, ಕೈಯಿಂದಾನೇ ಹಾಕ್ಕೊಂಡಿದ್ರು. ಊರಿನ ಆಶಾ ಕಾರ್ಯಕರ್ತೆ ಒಬ್ರು ಇವ್ರಿಗೆ ದಾರಿ ತೋರಿಸಿದ್ರು, ಹುಡುಗಿ ಕೈ ಹುಣ್ಣಿಗೆ ಮುಲಾಮು ಕೊಟ್ಟು ಕೊಟ್ಟು ಸಾಕಾಗಿತ್ತು ಆಯಮ್ಮಂಗೆ. ಮಾಲೀಕನಿಗೆ ರೇಷ್ಮೆ ಉದ್ಯಮದ ಬಗ್ಗೆ ಸಿನಿಮಾ ಅಂತ ಹೇಳಿ ಒಳಗೆ ಹೋದ್ರು. ಸುಳ್ಳು ಹೇಳಿ ಹೋಗಿದ್ದು ಸರಿನಾ ಅಂತ ಕೆಲವ್ರು ಕೇಳ್ತಾರೆ, ನನ್ ಪ್ರಕಾರ ಇಂಥ ಜಾಗಕ್ಕೆ ಸರಿನೇ, ಜೀತ ಶೂಟ್ ಮಾಡ್ತೀವಿ ಬಾಗಿಲು ತೆಗೀರಿ ಅಂದ್ರೆ ಯಾರು ತೆಗೀತಾರೆ. ಸಮಸ್ಯೆ ಅಲ್ಲಿಲ್ಲ.

ಸಮಸ್ಯೆ ಇದ್ದಿದ್ದು ಅಪ್ಪನ ಹತ್ರ ಸೈನ್ ಮಾಡಿಸಿದ ಫಾರಂನಲ್ಲಿ. ಎರಡು ಪುಟ, ಪೂರ್ತಿ ಇಂಗ್ಲಿಷು, ಇಂಟರ್‌ನೆಟ್ಟಿಂದ ಇಳಿಸಿದ್ದು, ಜಗತ್ತಿನ ಎಲ್ಲಾ ಕಡೆ ಎಲ್ಲಾ ಮಾಧ್ಯಮದಲ್ಲಿ ಶಾಶ್ವತವಾಗಿ ಬಳಸೋಕೆ ಒಪ್ಪಿಗೆ ಅಂತ. ಮನೇಲಿ ತೆಲುಗು, ಹೊರಗೆ ಕನ್ನಡ ಮಾತಾಡೋ ಮನುಷ್ಯ, ಓದಿದ್ದು ನಾಲ್ಕನೇ ಕ್ಲಾಸು, ಸ್ಕೀಮ್ ಏನೋ ಬರುತ್ತೆ ಅನ್ಕೊಂಡು ಸೈನ್ ಹಾಕಿದ್ರು. ಆ ಫಾರಂಗೆ ಬೆಲೆ ಇಲ್ಲ ಅನ್ನೋದು ಟೀಮಿನವ್ರಿಗೆ ಗೊತ್ತಿರಲಿಲ್ಲ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಕಾರ್ಮಿಕ ಕಾನೂನು ಮೀರಿ ದುಡಿಸ್ಕೊಳ್ತಿರೋ ಮಗು ಪೋಷಣೆ ರಕ್ಷಣೆ ಬೇಕಾದ ಮಗು, ಅಂಥ ಮಗುವಿನ ಹೆಸರು, ವಿಳಾಸ, ಸ್ಕೂಲು, ಗುರುತು ಸಿಗೋ ಬೇರೆ ಯಾವ ವಿವರವನ್ನೂ ಮಾಧ್ಯಮದಲ್ಲಿ ಹಾಕೋ ಹಾಗಿಲ್ಲ ಅಂತ 74ನೇ ಸೆಕ್ಷನ್ ಹೇಳುತ್ತೆ, ತಪ್ಪಿದ್ರೆ ಆರು ತಿಂಗಳ ತನಕ ಜೈಲು ಇಲ್ಲಾ 2 ಲಕ್ಷದ ತನಕ ದಂಡ ಇಲ್ಲಾ ಎರಡೂ. ಅನುಮತಿ ಕೊಡೋಕೆ ಆಗೋದು ವಿಚಾರಣೆ ನಡೆಸೋ ಮಕ್ಕಳ ಕಲ್ಯಾಣ ಸಮಿತಿಗೆ ಇಲ್ಲಾ ಬಾಲನ್ಯಾಯ ಮಂಡಳಿಗೆ, ಅದೂ ಮಗುವಿನ ಹಿತಕ್ಕೆ ಅನ್ನಿಸಿದ್ರೆ, ಕಾರಣ ಬರೆದಿಟ್ಟು. ಅಪ್ಪ ಅಮ್ಮ ಒಪ್ಪಿದ್ರು ಅನ್ನೋದು ಲೆಕ್ಕಕ್ಕೇ ಇಲ್ಲ. ಲೈಂಗಿಕ ದೌರ್ಜನ್ಯದ ಕೇಸಾದ್ರೆ ಪೋಕ್ಸೋ 23ನೇ ಸೆಕ್ಷನ್ ಇದಕ್ಕಿಂತ ಬಿಗಿ, ಅಲ್ಲಿ ನೆರೆಹೊರೆ ಅಂತಾನೂ ಸೇರಿಸಿದಾರೆ. ಸೀರಿಯಲ್ಲಲ್ಲಿ ಮಗು ನಟಿಸಿದ್ರೆ ಜಿಲ್ಲಾ ಮ್ಯಾಜಿಸ್ಟ್ರೇಟ್ ಅನುಮತಿ ಬೇಕು, ದಿನಕ್ಕೆ 5 ಗಂಟೆ ಮೀರಬಾರದು, ಸಂಭಾವನೇಲಿ ಶೇಕಡ 20 ಮಗು ಹೆಸರಲ್ಲಿ ಡೆಪಾಸಿಟ್ ಇಡ್ಬೇಕು ಅಂತೆಲ್ಲ 2017ರ ರೂಲ್ಸ್ ಇದೆ. ಡಾಕ್ಯುಮೆಂಟರಿ ಮಾಡೋರು ಇದನ್ನೆಲ್ಲ ಓದಿರೋದು ನಾನು ಕಂಡಿದ್ದು ಬಹಳ ಕಮ್ಮಿ, ನಾವು ಒಳ್ಳೇ ಕೆಲಸ ಮಾಡ್ತಿದೀವಿ ನಮಗ್ಯಾಕೆ ರೂಲ್ಸು ಅನ್ನೋ ಧೈರ್ಯ ಇರುತ್ತೆ.

ಸಿನಿಮಾ 24 ನಿಮಿಷ. ಅದರಲ್ಲಿ ಒಂದು ಶಾಟ್ ಇದೆ, ಮೂರು ನಿಮಿಷ ಕಟ್ಟೇ ಇಲ್ಲ, ಬೇಸಿನ್ ಮತ್ತೆ ಎರಡು ಕೈ ಮಾತ್ರ. ಹಳದಿ ಗೂಡುಗಳು ನೀರಲ್ಲಿ ಕುಣೀತಿರ್ತವೆ, ಬೆರಳು ಎಳೆ ಹುಡುಕುತ್ತೆ, ಸಿಗುತ್ತೆ, ಕೊಡುತ್ತೆ, ಮತ್ತೆ ಹುಡುಕುತ್ತೆ, ಮಧ್ಯೆ ಒಂದ್ಸಲ ಕೈ ತೆಗೆದು ಲಂಗಕ್ಕೆ ಒತ್ಕೊಂಡು ಎರಡು ಸೆಕೆಂಡ್ ಹಾಗೇ ಇಟ್ಕೊಂಡು ಮತ್ತೆ ನೀರಿಗೆ ಹಾಕ್ತಾಳೆ. ಮ್ಯೂಸಿಕ್ ಇಲ್ಲ. ಅದೊಂದೇ ಸಾಕಿತ್ತು ಅಂತ ನಂಗೆ ಈಗ್ಲೂ ಅನ್ಸುತ್ತೆ. ಉಳಿದಿದ್ದರಲ್ಲಿ ಹುಡುಗಿ ಅಳೋದು ಇದೆ, ಅಮ್ಮನ ಆಪರೇಷನ್ ವಿಷಯ ಹೇಳ್ತಾ, ಅದಕ್ಕೆ ಪಿಟೀಲು ಹಾಕಿದಾರೆ. ಡ್ರೋನ್ ಇದೆ, ಡ್ರೋನ್ ಇಲ್ದೆ ಈಗ ಯಾರು ಡಾಕ್ಯುಮೆಂಟರಿ ಮಾಡ್ತಾರೆ ಬಿಡಿ.

ಮುಖಕ್ಕೆ ಬ್ಲರ್ ಹಾಕಿದ್ರು. ಧ್ವನಿ ಹಾಗೇ ಇತ್ತು. ಕೂತು ಮಾತಾಡಿದ್ದು ಸ್ಕೂಲಿನ ಕಾಂಪೌಂಡ್ ಮುಂದೆ, ಹಿಂದುಗಡೆ ಗೋಡೇಲಿ ಬರೆದಿದ್ದ ಕರ್ನಾಟಕ ಮ್ಯಾಪ್ ಚೆನ್ನಾಗಿ ಕಾಣುತ್ತೆ. ಡ್ರೋನಲ್ಲಿ ಕೆರೆ ಏರಿ, ದೇವಸ್ಥಾನದ ಗೋಪುರ, ಬಣ್ಣ ಹೊಡೆದ ನೀರಿನ ಟ್ಯಾಂಕು, ಅಲ್ಲಿಂದ ಕೆಳಗಿಳಿದು ನೇರ ಶೆಡ್ಡಿನ ಶೀಟು. ಮಲ್ಲೇಶ್ವರದಲ್ಲಿ ಕೂತು ನೋಡೋರಿಗೆ ಇದು ಯಾವುದೋ ಹಳ್ಳಿ, ಯಾವುದೋ ಹುಡುಗಿ. ಅವ್ರಿಗೆ ಮುಖ ತೋರಿಸಿದ್ರೂ ಏನೂ ಆಗ್ತಿರಲಿಲ್ಲ ನೋಡಿ, ಅವ್ರು ಅವಳನ್ನ ಎಲ್ಲಿ ಭೇಟಿ ಆಗ್ತಾರೆ. ಅವಳಿಗೆ ತೊಂದ್ರೆ ಕೊಡೋಕೆ ಆಗೋ ಜನ ಎಲ್ಲಾ ಇರೋದು ಊರಿಂದ ಹತ್ತು ಕಿಲೋಮೀಟರ್ ಒಳಗೆ, ಅವ್ರಿಗೆ ಮುಖಾನೇ ಬೇಕಾಗಿಲ್ಲ, ಕೆಮ್ಮಿದ್ರೂ ಯಾರ ಮಗಳು ಅಂತ ಹೇಳ್ತಾರೆ.

ಶುಕ್ರವಾರದಿಂದ ಮಂಗಳವಾರ

90 ಸೆಕೆಂಡಿನ ಟೀಸರ್ ಶುಕ್ರವಾರ ರಾತ್ರಿ ಹಾಕಿದ್ರು. ಒಳ್ಳೇ ಉದ್ದೇಶ, ಜನ ನೋಡ್ಲಿ, ಒತ್ತಡ ಬರ್ಲಿ. ಜನ ನೋಡಿದ್ರು. ಶನಿವಾರ ಬೆಳಿಗ್ಗೆ ಗೂಡಿನ ಮಾರ್ಕೆಟ್ಟಲ್ಲಿ ಹರಾಜು ಶುರು ಆಗೋ ಹೊತ್ತಿಗೆ ರೀಲರ್‌ಗಳ ವಾಟ್ಸಾಪ್ ಗ್ರೂಪಿನಲ್ಲಿ ಇತ್ತು, ಮಾಲೀಕ ತನ್ನ ಶೆಡ್ಡಿನ ಶೀಟು ತಾನೇ ನೋಡ್ದ. ಅವತ್ತು ಮಧ್ಯಾಹ್ನಕ್ಕೆ ಹುಡುಗೀನ ಸೋದರತ್ತೆ ಊರಿಗೆ ಕಳಿಸ್ಬಿಟ್ರು, ಕಳಿಸಿದ್ದು ಅಪ್ಪಾನೇ, ಹೇಳಿದ್ದು ಮಾಲೀಕ. ಶೆಡ್ಡಲ್ಲಿ ಇನ್ನೊಬ್ಬ ಹುಡುಗ ಇದ್ದ, ಬೇರೆ ಜಿಲ್ಲೆಯವ್ನು, ನೋಡೋಕೆ ಹತ್ತು ಹನ್ನೊಂದು ವರ್ಷ, ಮೇಸ್ತ್ರಿ ಒಬ್ಬ ಕರ್ಕೊಂಡು ಬಂದು ಬಿಟ್ಟಿದ್ದ. ಟೀಮಿನವ್ರಿಗೆ ಅವನು ಇದ್ದಿದ್ದೇ ಗೊತ್ತಿಲ್ಲ, ಹಿಂದೆ ಬೂದಿ ಎತ್ತುತ್ತಾ ಇರೋದು ಫ್ರೇಮಲ್ಲಿ ಬಂದಿದೆ, ಔಟ್ ಆಫ್ ಫೋಕಸ್ ಅಂತ ಬ್ಲರ್ರೂ ಹಾಕಿಲ್ಲ. ಅವನನ್ನ ಅದೇ ಮೇಸ್ತ್ರಿ ಭಾನುವಾರ ಕರ್ಕೊಂಡು ಹೋದ.

ಮಂಗಳವಾರ ಕಾರ್ಮಿಕ ಇಲಾಖೆ, ಮಕ್ಕಳ ರಕ್ಷಣಾ ಘಟಕ, ಪೊಲೀಸ್ ಎಲ್ಲಾ ಸೇರಿ ಹೋದ್ರು. ಶೆಡ್ಡು ತೊಳೆದಿಟ್ಟಂಗಿತ್ತು, ಎರಡು ಬೇಸಿನ್ ಮುಂದೆ ಇಬ್ಬರು ದೊಡ್ಡ ಹೆಂಗಸರು, ಕೈಗೆ ಗ್ಲೌಸ್ ಹಾಕ್ಕೊಂಡು. ಗ್ಲೌಸ್! ರೇಷ್ಮೆ ಗೊತ್ತಿರೋ ಒಬ್ಬರಾದ್ರೂ ಆ ತಂಡದಲ್ಲಿ ಇದ್ದಿದ್ರೆ ಅಲ್ಲೇ ನಕ್ಕುಬಿಡ್ತಿದ್ರು. ವರದಿಯಲ್ಲಿ ಬಾಲ ಕಾರ್ಮಿಕರು ಕಂಡುಬಂದಿಲ್ಲ ಅಂತ ಬರೆದು, ಮಹಜರ್‌ಗೆ ಸೈನ್ ಹಾಕಿ ಬಂದ್ರು. ಅವ್ರು ತಪ್ಪು ಬರೆದ್ರು ಅಂತ ಹೇಳೋಕೂ ಆಗಲ್ಲ, ಕಂಡಿದ್ದು ಬರೆದ್ರು.

ಆಮೇಲಿನ ಒಂದು ವಾರ ಎಲ್ಲಾ ಉಲ್ಟಾ. ಮಾಲೀಕ ಮಾನನಷ್ಟ ಕೇಸು ಹಾಕ್ತೀನಿ ಅಂತ ಟೀಮಿಗೆ ಫೋನ್ ಮಾಡಿಸ್ದ. ಅಪ್ಪನ ಹತ್ರ ಬಂದು 53,000 ಒಂದೇ ಸಲ ಇಡು ಅಂದ. ಆಶಾ ಕಾರ್ಯಕರ್ತೆ ಗಂಡ ಅದೇ ರೀಲರ್‌ಗೆ ಲಗೇಜ್ ಆಟೋ ಓಡಿಸ್ತಿದ್ರು, ಆ ಬಾಡಿಗೆ ನಿಂತೋಯ್ತು. "ಮಗೀಗೆ ಒಳ್ಳೇದಾಗ್ಲಿ ಅಂತ ಕರ್ಕೊಂಡೋದೆ ಸಾರ್, ಈಗ ನಲ್ಲಿ ತಾವ ಓದ್ರೆ ಒಬ್ರೂ ಮಾತಾಡ್ಸಕಿಲ್ಲ" ಅಂತ ಆಯಮ್ಮ ಹೇಳಿದ್ದು. ಸಿನಿಮಾ ಕ್ರೆಡಿಟ್ಟಲ್ಲಿ ಆಕೆಗೆ ವಿಶೇಷ ಧನ್ಯವಾದ ಅಂತ ಪೂರ್ತಿ ಹೆಸರು ಹಾಕಿದ್ರು, ಊರ ಹೆಸರು ಸಮೇತ. ಹುಡುಗಿ ಮುಖ ಮುಚ್ಚಿದ ಜನಕ್ಕೆ ಇದು ಹೊಳೀಲೇ ಇಲ್ಲ.

ಎಡಿಟಲ್ಲಿ ಬಿಸಾಕಿದ್ದು ಕೆಲಸಕ್ಕೆ ಬಂತು

ವಕೀಲರು ಟೀಮಿನ ಹತ್ರ ಕೇಳಿದ ಮೊದಲನೇ ಪ್ರಶ್ನೆ, ರಾ ಫುಟೇಜ್ ಇದ್ಯಾ. ಇತ್ತು, 11 ಗಂಟೆಯಷ್ಟು, ಹಾರ್ಡ್ ಡಿಸ್ಕಲ್ಲಿ. ಕೂತು ನೋಡಿದ್ವಿ. ಸಿನಿಮಾದಲ್ಲಿ ಇಲ್ಲದ ಒಂದು ಕ್ಲಿಪ್ ಸಿಕ್ತು. ಮಾಲೀಕ ಟೀ ಕುಡೀತಾ ಕೂತಿದಾನೆ, ಮುಂದೆ ಲೆಕ್ಕದ ಪುಸ್ತಕ, ನಾನು ಈ ಊರಿಗೆ ಎಷ್ಟು ಸಹಾಯ ಮಾಡಿದೀನಿ ಅಂತ ತೋರಿಸೋಕೆ ತಾನೇ ಪುಟ ತಿರುಗಿಸ್ತಾನೆ, "ಇವಳಪ್ಪಂಗೆ 40 ಕೊಟ್ಟಿವ್ನಿ, ಅಬ್ಬಕ್ಕೆ ಮತ್ತೆ 5, ನಾನಿಲ್ದಿದ್ರೆ ಇವ್ರೆಲ್ಲ ಎಲ್ಗೋಯ್ತಿದ್ರು" ಅಂತಾನೆ, ಕ್ಯಾಮೆರಾ ಪುಟದ ಮೇಲೆ ಹೋಗುತ್ತೆ, ಅಪ್ಪನ ಹೆಸರು, ಮಗಳ ಹೆಸರು, ದಿನ, ಹಿಡ್ಕೊಂಡಿದ್ದು, ಬಡ್ಡಿ, ನಷ್ಟ, ಎಲ್ಲಾ ಓದೋ ಹಾಗೆ ಇದೆ. ಇದನ್ಯಾಕೆ ಸಿನಿಮಾಗೆ ಹಾಕಿಲ್ಲ ಅಂದ್ರೆ ಡೈರೆಕ್ಟರ್ ಹುಡುಗ ಹೇಳ್ದ, ಟ್ಯೂಬ್‌ಲೈಟ್ ಮಿಣುಕ್ತಾ ಇತ್ತು ಸರ್, ಲುಕ್ ಚೆನ್ನಾಗಿ ಬರಲಿಲ್ಲ, ಅದೂ ಅಲ್ದೆ ಲೆಕ್ಕ ಅಂದ್ರೆ ಜನಕ್ಕೆ ಬೋರ್ ಆಗುತ್ತೆ.

ಆ ಬೋರ್ ಆಗೋ ಕ್ಲಿಪ್ಪೇ ಕೇಸು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ 15ನೇ ಸೆಕ್ಷನ್ ಬಹಳ ಜನಕ್ಕೆ ಗೊತ್ತಿಲ್ಲ: ಇದು ಜೀತದ ಸಾಲ ಅಂತ ದುಡಿಯೋನು ಹೇಳಿದ್ರೆ, ಅಲ್ಲ ಅಂತ ಸಾಬೀತು ಮಾಡೋ ಜವಾಬ್ದಾರಿ ಸಾಲ ಕೊಟ್ಟವ್ನದ್ದು. 1983ರ ಡಿಸೆಂಬರಲ್ಲಿ ಬಂಧುವಾ ಮುಕ್ತಿ ಮೋರ್ಚಾ ಕೇಸಲ್ಲಿ ಸುಪ್ರೀಂ ಕೋರ್ಟ್ ಕೂಡ ಒತ್ತಾಯದ ದುಡಿಮೆ ಕಂಡ್ರೆ ಅದರ ಹಿಂದೆ ಮುಂಗಡ ಇದೆ ಅಂತಾನೇ ಮೊದಲು ಭಾವಿಸ್ಬೇಕು ಅಂತ ಹೇಳಿದೆ. ಅಂದ್ಮೇಲೆ ಶೆಡ್ಡಲ್ಲಿ ಮಗು ಕಂಡುಬಂತಾ ಇಲ್ವಾ ಅನ್ನೋ ಒಂದೇ ಪ್ರಶ್ನೆಗೆ ಜೋತು ಬೀಳೋದು ಬೇಕಾಗಿರಲಿಲ್ಲ, ಮುಂಗಡ, ಬಡ್ಡಿ, ಮಗಳ ಕೂಲೀಲಿ ಹಿಡಿದಿದ್ದು, ಮೂರೂ ಅವನ ಬಾಯಲ್ಲೇ ಇದೆ. ವಕೀಲರು ಅರ್ಜೀನ ಬಾಲಕಾರ್ಮಿಕ ವಿಷಯವಾಗಿ ಕಾರ್ಮಿಕ ಇಲಾಖೆಗೆ ಮತ್ತೆ ಬರೆಯೋ ಬದ್ಲು ಜೀತದ ವಿಷಯವಾಗಿ ಉಪವಿಭಾಗಾಧಿಕಾರಿಗೆ ಕೊಟ್ರು. ಮಾಲೀಕನಿಗೆ ಒಂದು ರೂಪಾಯೀನೂ ಕೊಡ್ಬೇಡಿ ಅಂತ ಅಪ್ಪಂಗೆ ಹೇಳಿದ್ರು, ಯಾಕಂದ್ರೆ 6ನೇ ಸೆಕ್ಷನ್ ಪ್ರಕಾರ ಜೀತದ ಸಾಲ ಸತ್ತೋಗಿರುತ್ತೆ, ಸತ್ತ ಸಾಲಕ್ಕೆ ದುಡ್ಡು ತಗೊಂಡ್ರೆ 9ನೇ ಸೆಕ್ಷನ್ನಲ್ಲಿ ಅದೇ ಒಂದು ಅಪರಾಧ. ಈ ಮಾತು ಮಾಲೀಕನ ಕಿವಿಗೆ ಹೋದ ಮೇಲೆ 53,000 ಕೇಳೋದು ನಿಂತಿತು.

ಒಂದು ಕಡೆ ಮಾತ್ರ ತುಂಬಾ ಒದ್ದಾಡಿದ್ವಿ. ಟೀಮಿನವ್ರು ಮೆಮೊರಿ ಕಾರ್ಡ್ ಅವತ್ತವತ್ತೇ ಹಾರ್ಡ್ ಡಿಸ್ಕಿಗೆ ಹಾಕಿ ಕಾರ್ಡ್ ಫಾರ್ಮ್ಯಾಟ್ ಮಾಡ್ಬಿಟ್ಟಿದ್ರು, ಎಲ್ಲರೂ ಮಾಡೋದು ಅದೇ. ಒರಿಜಿನಲ್ ಕಾರ್ಡ್ ಇದ್ದಿದ್ರೆ ಅದನ್ನೇ ಹಾಜರು ಮಾಡ್ಬೋದಿತ್ತು. ಕಾಪಿ ಆದ್ರೆ ಸರ್ಟಿಫಿಕೇಟ್ ಬೇಕೇ ಬೇಕು, ಹಳೇ ಸಾಕ್ಷ್ಯ ಕಾಯ್ದೆಯ 65ಬಿ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್, 2024ರ ಜುಲೈ 1ರಿಂದ ಜಾರಿ. ಫೈಲಿನ ಹ್ಯಾಶ್ ವ್ಯಾಲ್ಯೂ, ಅಂದ್ರೆ ಫೈಲು ಬದಲಾಗಿಲ್ಲ ಅಂತ ತೋರಿಸೋ ಗುರುತು, ತೆಗೆದು ಬರೀಬೇಕು, ಯಾವ ಮಷೀನಲ್ಲಿ ಯಾರು ಕಾಪಿ ಮಾಡಿದ್ದು ಅಂತ ಸೈನ್ ಹಾಕ್ಬೇಕು, ಒಂದು ಭಾಗಕ್ಕೆ ತಜ್ಞರ ಸೈನೂ ಬೇಕು. ಕ್ಯಾಮೆರಾಮನ್ ಸೈನ್ ಹಾಕೋಕೆ ಹೆದರ್ಕೊಂಡ, ಕೋರ್ಟಿಗೆ ಕರೀತಾರಾ ಅಂತ. ಕರೀತಾರೆ. ಅದನ್ನ ಸುಳ್ಳು ಹೇಳಿ ಒಪ್ಪಿಸೋಕೆ ಆಗಲ್ಲ. ಅವನು ಎರಡು ದಿನ ಫೋನ್ ಎತ್ತಲಿಲ್ಲ, ಆಮೇಲೆ ತಾನೇ ಬಂದು ಹಾಕ್ದ. ಇಡೀ ಪ್ರಾಜೆಕ್ಟಲ್ಲಿ ಧೈರ್ಯದ ಕೆಲಸ ಅಂದ್ರೆ ಅದೊಂದು ಸೈನೇ ಅಂತೀನಿ ನಾನು.

ಹುಡುಗೀನ ಅತ್ತೆ ಮನೆಯಿಂದ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಕರ್ಕೊಂಡು ಬಂದ್ರು, ಸ್ವಲ್ಪ ದಿನ ಬಾಲಮಂದಿರದಲ್ಲಿ ಇದ್ಲು, ಅಲ್ಲಿ ಅವಳಿಗೆ ಊಟ ಸೇರ್ತಿರಲಿಲ್ಲ ಅನ್ನೋದು ಬಿಟ್ರೆ ದೂರು ಇರಲಿಲ್ಲ. ಹೇಳಿಕೆ ತಗೊಂಡಿದ್ದು ಅರ್ಧ ತೆಲುಗು ಅರ್ಧ ಕನ್ನಡ. ಮೂರು ತಿಂಗಳು ಚಿಲ್ಲರೆ ಆದ ಮೇಲೆ ಜೀತದಿಂದ ಬಿಡುಗಡೆ ಪತ್ರ ಕೈಗೆ ಬಂತು. ಅದಿದ್ರೆ ಕೇಂದ್ರದ ಪುನರ್ವಸತಿ ಯೋಜನೇಲಿ ತಕ್ಷಣಕ್ಕೆ 30,000 ತನಕ ಸಿಗುತ್ತೆ, ಅದು ಸಿಕ್ತು. ಮಕ್ಕಳಿಗೆ ಪೂರ್ತಿ ನೆರವು 2 ಲಕ್ಷ, ಆದ್ರೆ ಅದು ಮಾಲೀಕನಿಗೆ ಶಿಕ್ಷೆ ಆಗೋದಕ್ಕೆ ಗಂಟು ಹಾಕ್ಕೊಂಡಿದೆ, ಶಿಕ್ಷೆ ಆಗೋ ತನಕ ದುಡ್ಡಿಲ್ಲ, ಈ ಷರತ್ತು ಹಾಕಿದವ್ರು ಒಂದು ಸಲ ತಾಲ್ಲೂಕು ಆಫೀಸಿನ ಬೆಂಚ್ ಮೇಲೆ ಕೂತು ನೋಡ್ಬೇಕಿತ್ತು. ಕೇಸು ನಡೀತಿದೆ.

ಬೇರೆಯವ್ರ ಸಿನಿಮಾ, ನಮ್ಮ ಜಗಳ

ಇದು ಈ ನಾಲ್ಕು ಹುಡುಗರ ದಡ್ಡತನ ಮಾತ್ರ ಅನ್ಕೋಬೇಡಿ. ದೊಡ್ಡ ದೊಡ್ಡವ್ರ ಸಿನಿಮಾದಲ್ಲೂ ಇದೇ ಗಂಟು. ಕೋಲ್ಕತ್ತದ ಸೋನಾಗಾಚಿಯ ಮಕ್ಕಳ ಕೈಗೆ ಕ್ಯಾಮೆರಾ ಕೊಟ್ಟು ಮಾಡಿದ 'ಬಾರ್ನ್ ಇನ್‌ಟು ಬ್ರಾಥೆಲ್ಸ್' 2005ರಲ್ಲಿ ಆಸ್ಕರ್ ತಗೊಂಡಿತು, ಒಬ್ಬ ಹುಡುಗ ಅಮೆರಿಕಕ್ಕೆ ಓದೋಕೂ ಹೋದ, ಆದ್ರೆ ಆ ಮಕ್ಕಳ ತಾಯಂದಿರನ್ನ ತೋರಿಸಿದ ರೀತಿ ಸರಿಯಿಲ್ಲ, ಅಲ್ಲೇ ಇರೋ ಸಂಘಟನೆಗಳ ಕೆಲಸ ಕಾಣಿಸ್ಲೇ ಇಲ್ಲ ಅಂತ ಅಲ್ಲಿನವ್ರೇ ಜಗಳ ತೆಗೆದ್ರು. ಇತ್ತೀಚಿನದು ನಿಶಾ ಪಹುಜಾ ಅವರ 'ಟು ಕಿಲ್ ಎ ಟೈಗರ್', 2022ರದ್ದು, ಜಾರ್ಖಂಡದ 13 ವರ್ಷದ ಹುಡುಗಿ ಮೇಲೆ ಅತ್ಯಾಚಾರ ಆದಾಗ ಅಪ್ಪ ಊರನ್ನೇ ಎದುರು ಹಾಕ್ಕೊಂಡು ಕೋರ್ಟಲ್ಲಿ ನಿಂತಿದ್ದು, 2024ರಲ್ಲಿ ಆಸ್ಕರ್ ನಾಮಿನೇಷನ್ ಬಂತು. ಅದರಲ್ಲಿ ಹುಡುಗಿ ಮುಖ ಕಾಣುತ್ತೆ. ಅವಳು 18 ದಾಟಿದ ಮೇಲೆ ತಾನೇ ನೋಡಿ ತೋರಿಸಿ ಅಂದ್ಲು ಅಂತ ಸಿನಿಮಾದವ್ರು, ಘಟನೆ ಆದಾಗ ಮಗು ಆಗಿದ್ಲಲ್ಲ ಕಾನೂನು ಒಪ್ಪಲ್ಲ ಅಂತ ಇನ್ನೊಂದು ಕಡೆ, ದೆಹಲಿ ಹೈಕೋರ್ಟಿಗೇ ಹೋಯ್ತು. 2018ರ ನಿಪುಣ್ ಸಕ್ಸೇನಾ ತೀರ್ಪಲ್ಲಿ ಸುಪ್ರೀಂ ಕೋರ್ಟ್ ದೂರದಿಂದ ಕೂಡ ಗುರುತು ಸಿಗೋ ಹಾಗೆ ಏನೂ ಹಾಕ್ಬಾರ್ದು ಅಂತ ಹೇಳಿರೋದ್ರಿಂದ ಆ ವಾದಕ್ಕೆ ತೂಕ ಇದೆ. ನಂಗೆ ಎರಡೂ ಕಡೆ ಮನಸ್ಸು ಎಳೆಯುತ್ತೆ, ದೊಡ್ಡವಳಾದ ಮೇಲೂ ನೀನು ಮುಖ ಮುಚ್ಕೋ ಅಂತ ಹೇಳೋಕೆ ನಾವ್ಯಾರು ಅಂತಾನೂ ಅನ್ಸುತ್ತೆ. ಆದ್ರೆ ನಮ್ ಶೆಡ್ಡಿನ ಹುಡುಗಿಗೂ ಅವಳಿಗೂ ದೊಡ್ಡ ವ್ಯತ್ಯಾಸ ಇದೆ: ಜಾರ್ಖಂಡದ ಕೇಸಲ್ಲಿ ಜಗತ್ತು ಸಿನಿಮಾ ನೋಡೋ ಹೊತ್ತಿಗೆ ಕೋರ್ಟಲ್ಲಿ ಮೂರೂ ಜನ ಆರೋಪಿಗಳಿಗೆ 25 ವರ್ಷ ಶಿಕ್ಷೆ ಆಗಿ ವರ್ಷಗಳೇ ಆಗಿತ್ತು. ಇಲ್ಲಿ ಒಂದು ಅರ್ಜೀನೂ ಹೋಗಿರಲಿಲ್ಲ.

ಟೀಮಿನವ್ರು ಸಿನಿಮಾ ಇಳಿಸಿ ಮತ್ತೆ ಎಡಿಟ್ ಮಾಡಿದ್ರು. ಮಕ್ಕಳ ಕಲ್ಯಾಣ ಸಮಿತಿಗೆ ಮೊದಲೇ ತೋರಿಸಿ, ಹುಡುಗೀನೂ ಕೂರಿಸ್ಕೊಂಡು ನೋಡಿದ್ರು. ನಾವೆಲ್ಲ ಆ ಕೈ ಶಾಟ್ ಅವಳಿಗೆ ಬೇಜಾರಾಗುತ್ತೇನೋ ಅಂತ ನೋಡ್ತಿದ್ವಿ. ಅವಳು ಅದನ್ನ ಪೂರ್ತಿ ನೋಡಿ, "ಕೈ ಇರ್ಲಿ ಅಕ್ಕ, ಅಳೋದು ತೆಗೀರಿ. ನಮ್ ಮಿಸ್ಸು ನೋಡ್ಬುಟ್ಟವ್ರೆ" ಅಂದ್ಲು. ಅಳೋದು ಹೋಯ್ತು, ಪಿಟೀಲು ಹೋಯ್ತು, ಡ್ರೋನ್ ಹೋಯ್ತು, ಸ್ಕೂಲ್ ಗೋಡೆ ಹೋಯ್ತು, ಮಾತಿಗೆ ಬೇರೆ ಹೆಂಗಸಿನ ಧ್ವನಿ ಬಂತು, ಲೆಕ್ಕದ ಪುಸ್ತಕ ಹೆಸರು ಮುಚ್ಚಿ ಒಳಗೆ ಬಂತು. 17 ನಿಮಿಷ ಆಯ್ತು. ಹಳೇದಕ್ಕಿಂತ ಎಷ್ಟೋ ಒಳ್ಳೇ ಸಿನಿಮಾ.

ಇದನ್ನ ತುಮಕೂರಿನ ಒಂದು ಕಾಲೇಜಲ್ಲಿ ಹಾಕಿದಾಗ ಪತ್ರಿಕೋದ್ಯಮದ ಒಬ್ಬ ಹುಡುಗ ಎದ್ದು, ಮುಖ ಇಲ್ಲ ಧ್ವನಿ ಇಲ್ಲ ಊರಿಲ್ಲ, ಹಿಂಗಾದ್ರೆ ನೋಡೋರಿಗೆ ಹೆಂಗ್ ತಟ್ಟುತ್ತೆ ಸಾರ್ ಅಂತ ನೇರವಾಗೇ ಕೇಳ್ದ. ಪಾವಗಡ ಕಡೆಯ ಹುಡುಗಿ ಒಬ್ಳು ಅವನಿಗೆ ಉತ್ತರ ಕೊಟ್ಲು, 340 ರೂಪಾಯಿ ಅಂದಾಗ ನಂಗೆ ತಟ್ಟಿತು, ನಮ್ಮಣ್ಣನ ಫೈನಾನ್ಸ್ ಲೆಕ್ಕಾನೂ ಹಂಗೇ ಇರೋದು ಅಂತ. ಆಮೇಲೆ ಚರ್ಚೆ ಪೂರ್ತಿ ಬಡ್ಡಿ ಮೇಲೇ ಹೋಯ್ತು, ಸಿನಿಮಾ ಮರೆತೇಹೋದ್ರು. ಅಲ್ಲಿ ಕೇಳಿದ ಹುಡುಗರಿಗೆ ನಾನು ಹೇಳಿದ್ದು ಇಷ್ಟೇ: ಇಂಥದ್ದು ಕಣ್ಣಿಗೆ ಬಿದ್ರೆ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಿ, ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ, ಕಾರ್ಡ್ ಫಾರ್ಮ್ಯಾಟ್ ಮಾಡ್ಬೇಡಿ, ಹೊಸ ಕಾರ್ಡ್ ತಗೊಳ್ಳಿ, ಮಗು ಸುರಕ್ಷಿತ ಜಾಗಕ್ಕೆ ಬರೋ ತನಕ ಏನೂ ಹಾಕ್ಬೇಡಿ, ನಿಮಗೆ ದಾರಿ ತೋರಿಸಿದವ್ರ ಹೆಸರು ಎಲ್ಲೂ ಬರೀಬೇಡಿ. ಒಬ್ಬ ಕೇಳ್ದ, ಅಷ್ಟರಲ್ಲಿ ಬೇರೆ ಯಾರಾದ್ರೂ ಅದೇ ಸ್ಟೋರಿ ಮಾಡ್ಬಿಟ್ರೆ? ಮಾಡ್ಲಿ ಬಿಡಪ್ಪ.

ಹುಡುಗಿ ಈಗ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದ ಹಾಸ್ಟೆಲಲ್ಲಿ ಇದಾಳೆ, ಎಂಟನೇ ಕ್ಲಾಸು, ಗಣಿತ ಕಷ್ಟ ಅಂತಾಳೆ. ಅಪ್ಪನ ಫೈನಾನ್ಸ್ ಸಾಲ ಹಾಗೇ ಇದೆ, ಜೀತದ ಕಾಯ್ದೆ ಅದಕ್ಕೆ ಏನೂ ಮಾಡಲ್ಲ. ಆಶಾ ಕಾರ್ಯಕರ್ತೆ ಗಂಡ ಟೊಮೇಟೊ ಸೀಸನ್ನಲ್ಲಿ ಕೋಲಾರದ ಮಂಡಿಗೆ ಲೋಡ್ ಹೊಡೀತಾರೆ, ಉಳಿದ ಟೈಮಲ್ಲಿ ಬಾಡಿಗೆ ಇಲ್ಲ. ಶೆಡ್ಡು ನಡೀತಾನೇ ಇದೆ.

ಇನ್ನೊಬ್ಬ ಹುಡುಗ ಸಿಕ್ಕಿಲ್ಲ. ಕಾಣೆಯಾದ ಮಗುವಿನ ದೂರು ಬಂದ್ರೆ ಅಪಹರಣ ಇಲ್ಲಾ ಸಾಗಣೆ ಅಂತ ಭಾವಿಸಿ ಎಫ್‌ಐಆರ್ ಹಾಕ್ಬೇಕು ಅಂತ 2013ರಲ್ಲೇ ಬಚ್‌ಪನ್ ಬಚಾವೋ ಆಂದೋಲನ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದ್ರೆ ಇಲ್ಲಿ ಹೆಸರು ಗೊತ್ತಿಲ್ಲ, ಅಪ್ಪ ಅಮ್ಮ ಯಾರು ಗೊತ್ತಿಲ್ಲ, ಯಾರು ದೂರು ಕೊಡ್ಬೇಕು ಅಂತಾನೇ ಸ್ಟೇಷನ್ನಲ್ಲಿ ಎರಡು ಸಲ ವಾಪಸ್ ಕಳಿಸಿದ್ರು. ಕೊನೆಗೆ ಕಲ್ಯಾಣ ಸಮಿತಿ ಬರೆದ ಮೇಲೆ ಎಫ್‌ಐಆರ್ ಆಯ್ತು, ಮೇಸ್ತ್ರಿ ನಂಬರ್ ಸ್ವಿಚ್ ಆಫ್. ಇರೋದು ಆ ಮಬ್ಬು ಫ್ರೇಮು, ಆಮೇಲೆ 11 ಗಂಟೆ ಫುಟೇಜಲ್ಲಿ ಒಂದು ಕಡೆ ಹಿಂದಿನಿಂದ ಕೇಳಿಸೋ ಅವನ ಮಾತು, ತಮ್ಮೂರ ಜಾತ್ರೆ ಯಾವಾಗ ಅಂತ ಯಾರಿಗೋ ಹೇಳ್ತಿರೋದು, ದೇವರ ಹೆಸರು ಬಿಡಿಸಿ ಕೇಳುತ್ತೆ. ಆ ದೇವರ ಜಾತ್ರೆ ಎರಡು ಜಿಲ್ಲೇಲಿ ನಡೆಯುತ್ತೆ. ಆ ಮಾತು ಫುಟೇಜಲ್ಲಿ ಎಲ್ಲಿ ಬರುತ್ತೆ ಅನ್ನೋ ಟೈಮ್‌ಕೋಡ್ ಬರೆದು ಸ್ಟೇಷನ್ನಿಗೆ ಕೊಟ್ಟಿದೀವಿ, ಎರಡೂ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೂ ಕಾಪಿ ಹೋಗಿದೆ, ಒಂದು ಕಡೆಯಿಂದ ಶಾಲೆ ಬಿಟ್ಟ ಮಕ್ಕಳ ಪಟ್ಟಿ ಕಳಿಸ್ತೀವಿ ಅಂದಿದಾರೆ.